ಅಂಬಾಸಿಡರ್ ಹೆಡ್‌ಲೈಟಿನ ಕಪ್ಲರ್ ಬಿಚ್ಚೋದು ಹೇಗೆ, ಬಿಚ್ಚೋರು ಯಾರು

ನಮ್ಮ ಶೆಡ್ಡಲ್ಲಿ ಬಿಚ್ಚಿಟ್ಟಿರೋ ಅಂಬಾಸಿಡರ್ ಫೋಟೋ ಹಾಕಿದ್ದೆ. ಸಂಘಟನೆಯ ಪೋಸ್ಟಿಗೆ ಬರೋದಕ್ಕಿಂತ ಜಾಸ್ತಿ ಪ್ರಶ್ನೆ ಅದಕ್ಕೇ ಬಂತು. ಅರ್ಧ ಜನ "ಕಾರು ಯಾರದಣ್ಣ?" ಅಂದ್ರಿ. ಕೆಲವರು "ಚಳವಳಿ ಬಿಟ್ಟು ಗುಜರಿ ಹಿಡಿದ್ರಾ?" ಅಂತ ಕಾಲೆಳೆದ್ರಿ. ಮೂರ್ನಾಲ್ಕು ಜನ ಗ್ಯಾರೇಜಿನ ಗೆಳೆಯರು ಮಾತ್ರ ಕೆಲಸದ ಪ್ರಶ್ನೆ ಕೇಳಿದ್ರಿ: ಹೆಡ್‌ಲೈಟ್ ವೈರಿಂಗಿನ ಕಪ್ಲರ್ ಒಂದೂ ಮುರೀದೆ ಹೇಗೆ ಬಿಚ್ಚಿದ್ರಿ, ನಮ್ಮ ಕೈಲಿ ಪ್ರತೀ ಸಲ ಪುಡಿಪುಡಿ ಆಗುತ್ತಲ್ಲ?

ಎಲ್ಲದಕ್ಕೂ ಸೇರಿಸಿ ಇಲ್ಲೇ ಬರೀತೀನಿ. ಉದ್ದ ಇದೆ. ಚಹಾ ಇಟ್ಕೊಂಡು ಓದಿ.

ಹೊಸದಾಗಿ ಜೊತೆಯಾದೋರಿಗೆ ಒಂದು ಮಾತು. ಸಂಘದ ಕೆಲಸಕ್ಕೆ ಸಂಬಳ ಇಲ್ಲ, ಇರಲೂಬಾರದು. ನನ್ನ ಹೊಟ್ಟೆಪಾಡು ಆಟೋ ಎಲೆಕ್ಟ್ರಿಕಲ್ ಕೆಲಸ. ಸೆಲ್ಫು, ಡೈನಮೋ, ವೈರಿಂಗು. ಇಪ್ಪತ್ತೆರಡು ವರ್ಷ ಆಯ್ತು. ಐದಾರು ವರ್ಷದಿಂದ ಹಳೇ ಕಾರು ಇಟ್ಕೊಂಡಿರೋ ಬೆಂಗಳೂರಿನ ಜನ ಹುಡುಕ್ಕೊಂಡು ಬರ್ತಾರೆ. ಈ ಕಾರೂ ಹಾಗೆ ಬಂದಿದ್ದು. 1977ರ ಮಾರ್ಕ್ 3 ಅಂಬಾಸಿಡರ್. ಯಜಮಾನರು ನಿವೃತ್ತ ಅಧಿಕಾರಿ. ಬಾಡಿ ಪೂರ್ತಿ ಬೆತ್ತಲೆ ಮಾಡಿ ಪೇಂಟಿಗೆ ಕಳಿಸಬೇಕು. ಅದಕ್ಕೂ ಮೊದಲು ಇಡೀ ವೈರಿಂಗ್ ಕಿಟ್ಟು ಹಾಳಾಗದೆ ಹೊರಗೆ ಬರಬೇಕು. ಮುಂದಿನಿಂದ ಶುರು ಮಾಡಿದ್ರೆ ಮೊದಲು ಕೈಗೆ ಸಿಗೋದು ಹೆಡ್‌ಲೈಟಿನ ಕಪ್ಲರ್.

ಇನ್ನೊಂದು ವಿಷಯ ಈಗಲೇ ಹೇಳಿಬಿಡ್ತೀನಿ. "ಹೇಗೆ ಬಿಚ್ಚಿದ್ರಿ" ಅಂತ ನನ್ನ ಕೇಳಿದ್ರಿ. ಬಿಚ್ಚಿದ್ದು ನಾನಲ್ಲ. ಮೂರು ತಿಂಗಳ ಹಿಂದೆ ನಮ್ಮ ಶೆಡ್ಡಿಗೆ ಬಂದ ಒಬ್ಬ ಹುಡುಗ. ವಯಸ್ಸು ಇಪ್ಪತ್ತು, ಪಕ್ಕದ ತಾಲ್ಲೂಕಿನ ನಮ್ಮ ಕೇರಿಯ ಹುಡುಗ. ನಾನು ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿದ್ದೆ, ಅಷ್ಟೆ. ಅವನ ಹೆಸರು ಹಾಕೋದಿಲ್ಲ. ಯಾಕೆ ಅಂತ ಮುಂದೆ ಓದಿದ್ರೆ ಗೊತ್ತಾಗುತ್ತೆ.

ಅಂಬಾಸಿಡರ್ ಅಂದ್ರೆ ನಮ್ಮ ಜನಕ್ಕೆ ಒಂದು ಬೇರೆ ನೆನಪಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅನ್ನೋ ಕಾರಿನ ಅಚ್ಚು ಇದು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯ್ತು. ಬಿಳೀ ಬಣ್ಣ, ಸೀಟಿನ ಮೇಲೆ ಟವೆಲ್, ತಲೆ ಮೇಲೆ ಕೆಂಪು ದೀಪ. ಸರ್ಕಾರದ ರೂಪ ಅಂದ್ರೆ ಅದೇ ಆಗಿತ್ತು. ಆ ಕೆಂಪು ದೀಪ ಹೋಗಿದ್ದು 2017ರ ಮೇ 1ಕ್ಕೆ. ನಮ್ಮೂರಿಗೆ ಅಂಬಾಸಿಡರ್ ಬಂದ್ರೆ ಪಟೇಲರ ಜಗಲಿ ಮುಂದೆ ನಿಲ್ತಿತ್ತು. ಓಟಿನ ಸಮಯ ಬಿಟ್ರೆ ಕೇರಿ ಒಳಕ್ಕೆ ಬಂದಿದ್ದನ್ನ ನಾನು ಕಂಡಿಲ್ಲ. ಅಂಥಾ ಕಾರಿನ ಎರಡು ಕಣ್ಣು ಬಿಚ್ಚಿ ನಮ್ಮ ಟೇಬಲ್ ಮೇಲೆ ಇಟ್ಕೊಂಡಾಗ ಒಳಗೊಳಗೇ ಒಂದು ನಗು ಬರುತ್ತೆ. ಸುಳ್ಳು ಯಾಕೆ ಹೇಳಲಿ.

ಈಗ ಕೆಲಸಕ್ಕೆ ಬರೋಣ.

ಮೊದಲನೇದು ಬ್ಯಾಟರಿ. ಲೈಟಿನ ಸ್ವಿಚ್ ಆಫ್ ಮಾಡಿದ್ರೆ ಸಾಕು ಅಂದ್ಕೋಬೇಡಿ. ಆ ಕಾಲದ ಲೂಕಾಸ್ ಪದ್ಧತಿಯ ವೈರಿಂಗಲ್ಲಿ ಬಹಳ ಕಾರುಗಳ ಹೆಡ್‌ಲೈಟಿಗೆ ಫ್ಯೂಸೇ ಇರ್ತಿರಲಿಲ್ಲ. ಎಲ್ಲೋ ಒಂದು ವೈರು ಬಾಡಿಗೆ ತಗುಲಿದ್ರೆ ತಡೆಯೋರು ಯಾರೂ ಇಲ್ಲ, ಹೊಗೆ ಬಂದ ಮೇಲೇ ಗೊತ್ತಾಗೋದು. ಬಾಡಿಗೆ ಸೇರಿರೋ ಟರ್ಮಿನಲ್ಲನ್ನ, ಈ ಗಾಡೀಲಿ ಅದು ಮೈನಸ್ಸು, ಮೊದಲು ಬಿಚ್ಚಿ. ಪ್ಲಸ್ ಮೊದಲು ಬಿಚ್ಚೋಕೆ ಹೋಗಿ ಸ್ಪ್ಯಾನರ್ ಬಾನೆಟ್ಟಿಗೆ ತಗುಲಿದ್ರೆ ಅಲ್ಲೇ ಕಿಡಿ.

ಎರಡನೇದು ಗುರುತು. ಬಿಚ್ಚೋ ಮೊದಲು ಎರಡೂ ಕಡೆ ಫೋಟೋ ತೆಗೀರಿ. ಪ್ರತೀ ವೈರಿಗೂ ಪೇಂಟರ್ ಟೇಪ್ ಸುತ್ತಿ ಬಾಲ್ ಪೆನ್ನಲ್ಲಿ ಬರೀರಿ: ಎಡ ಬ್ರೈಟು, ಎಡ ಡಿಮ್ಮು, ಎಡ ಅರ್ಥು. ಬಣ್ಣ ನೋಡಿದ್ರೆ ಸಾಲದಾ ಅಂತ ಹುಡುಗ ಕೇಳಿದ. ಸಾಲದು. ಐವತ್ತು ವರ್ಷದ ಎಣ್ಣೆ, ಧೂಳು, ಇಂಜಿನ್ ಕಾವು ಸೇರಿ ಎಲ್ಲಾ ವೈರೂ ಒಂದೇ ಕಂದು ಬಣ್ಣ ಆಗಿರುತ್ತೆ. ಮಧ್ಯೆ ಯಾವನೋ ಮೆಕ್ಯಾನಿಕ್ಕು ಕೈಗೆ ಸಿಕ್ಕಿದ ಹಳದಿ ವೈರು ಸೇರಿಸಿ ಹೋಗಿರ್ತಾನೆ.

ಆದರೂ ಬಣ್ಣದ ಲೆಕ್ಕ ಗೊತ್ತಿರಬೇಕು. ಹಳೇ ಲೂಕಾಸ್ ಪದ್ಧತೀಲಿ ಕಂದು ಬ್ಯಾಟರಿದು, ಬಿಳಿ ಇಗ್ನಿಷನ್ನಿಂದು, ಕೆಂಪು ಪಾರ್ಕಿಂಗ್ ಲೈಟಿಂದು, ಕಪ್ಪು ಅರ್ಥಿಂದು. ಹೆಡ್‌ಲೈಟಿನ ಬಣ್ಣ ನೀಲಿ. ಬರೀ ನೀಲಿ ವೈರು ಸ್ವಿಚ್ಚಿನಿಂದ ಡಿಪ್ಪರಿಗೆ ಹೋಗುತ್ತೆ. ಹಳೇ ಅಂಬಾಸಿಡರಲ್ಲಿ ಆ ಡಿಪ್ಪರ್ ಸ್ವಿಚ್ಚು ಎಡಗಾಲ ಹತ್ರ, ನೆಲದ ಮೇಲೆ ಇರ್ತಿತ್ತು, ಕಾಲಲ್ಲೇ ಒತ್ತಬೇಕು. ಅಲ್ಲಿಂದ ನೀಲಿ ಮೇಲೆ ಬಿಳೀ ಗೆರೆ ಇದ್ರೆ ಬ್ರೈಟು, ಕೆಂಪು ಗೆರೆ ಇದ್ರೆ ಡಿಮ್ಮು. ಇದನ್ನ ನನಗೆ ಕಲಿಸಿದ್ದು ಶಿವಾಜಿನಗರದ ಗುಜರಿ ಸಂದಿಯಲ್ಲಿದ್ದ ನನ್ನ ಉಸ್ತಾದ್. ಅವರಿಗೆ ಇಂಗ್ಲಿಷ್ ಓದೋಕೆ ಬರ್ತಿರಲಿಲ್ಲ. ಇಂಗ್ಲೆಂಡಿನೋರು ಮಾಡಿದ ಇಡೀ ಬಣ್ಣದ ಲೆಕ್ಕ ಬಾಯಲ್ಲಿತ್ತು. "ನೀಲಾ ನೋಡಿದ್ರೆ ಬೆಳಕು ಅಂತ ತಿಳ್ಕೋ ಬೇಟಾ" ಅನ್ನೋರು. ಜೈ ಭೀಮ್ ಅನ್ನೋ ನನ್ನಂಥೋನಿಗೆ ಈ ಪಾಠ ಮರೆತು ಹೋಗೋ ಛಾನ್ಸೇ ಇಲ್ಲ.

ಮೂರನೇದು ಲೈಟನ್ನ ಹೊರಗೆ ತೆಗೆಯೋದು. ಕ್ರೋಮ್ ರಿಂಗಿನ ಕೆಳಗಡೆ ಸ್ಕ್ರೂ ಇರುತ್ತೆ. ಅದು ಬಿಚ್ಚಿ ರಿಂಗನ್ನ ಕೆಳಗಿನಿಂದ ಮುಂದಕ್ಕೆ ಎಳೆದು ಮೇಲಕ್ಕೆ ಎತ್ತಿದ್ರೆ ಬರುತ್ತೆ. ಒಳಗೆ ಏಳಿಂಚಿನ ದುಂಡು ಲೈಟನ್ನ ಹಿಡಿದಿರೋ ಇನ್ನೊಂದು ರಿಂಗು ಇರುತ್ತೆ, ಅದರ ಚಿಕ್ಕ ಸ್ಕ್ರೂಗಳನ್ನ ಮಾತ್ರ ಬಿಚ್ಚಿ. ಸ್ಪ್ರಿಂಗ್ ಹಾಕಿರೋ ದೊಡ್ಡ ಸ್ಕ್ರೂ ಮುಟ್ಟಬೇಡಿ, ಅದು ಫೋಕಸ್ ಸೆಟ್ಟಿಂಗು. ಅದು ತಿರುಗಿದ್ರೆ ಒಂದು ಲೈಟು ರಸ್ತೆ ನೋಡುತ್ತೆ, ಇನ್ನೊಂದು ತೆಂಗಿನಮರ ನೋಡುತ್ತೆ.

ಈಗ ಲೈಟು ಕೈಗೆ ಬಂತು. ಹಿಂದುಗಡೆ ಮೂರು ಕಡ್ಡಿಯ ಹೋಲ್ಡರ್ ಅಂಟಿಕೊಂಡಿದೆ. ಎಲ್ಲರೂ ಇಲ್ಲೇ ಎಡವೋದು. ವೈರು ಹಿಡಿದು ಎಳೀತಾರೆ. ವೈರು ಬರುತ್ತೆ, ಹೋಲ್ಡರ್ ಅಲ್ಲೇ ಇರುತ್ತೆ. ಹೋಲ್ಡರಿನ ಮೈಯನ್ನ ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು, ಎಡಕ್ಕೆ ಒಂದು ಕೂದಲೆಳೆ, ಬಲಕ್ಕೆ ಒಂದು ಕೂದಲೆಳೆ ಅಲ್ಲಾಡಿಸ್ತಾ ನೇರ ಹಿಂದಕ್ಕೆ ತರಬೇಕು. ಬರಲಿಲ್ಲ ಅಂದ್ರೆ ಕಡ್ಡಿಗಳ ಬುಡಕ್ಕೆ ಡಬ್ಲ್ಯು ಡಿ 40 ಒಂದೊಂದು ಹನಿ ಬಿಟ್ಟು ಇಪ್ಪತ್ತು ನಿಮಿಷ ಸುಮ್ಮನೆ ಕೂರಿ. ಆ ಇಪ್ಪತ್ತು ನಿಮಿಷ ಕೂರೋದೂ ಕೆಲಸಾನೇ. ಹಳೇ ಪ್ಲಾಸ್ಟಿಕ್ಕು ಹಪ್ಪಳದ ಥರ ಆಗಿರುತ್ತೆ. ಕೂದಲು ಒಣಗಿಸೋ ಡ್ರೈಯರಲ್ಲಿ ದೂರದಿಂದ ಸ್ವಲ್ಪ ಬಿಸಿಗಾಳಿ ಕೊಟ್ರೆ ಮೆತ್ತಗಾಗುತ್ತೆ. ಎಣ್ಣೆ ಹಾಕೋ ಮೊದಲು ಬಿಸಿ ಮಾಡಿ, ಹಾಕಿದ ಮೇಲೆ ಬೇಡ.

ನಾಲ್ಕನೇದು ಬುಲೆಟ್ ಜಾಯಿಂಟು. ಹೆಡ್‌ಲೈಟಿನ ಬಾಲದ ವೈರುಗಳು ಗ್ರಿಲ್ಲಿನ ಹಿಂದೆ ಮುಖ್ಯ ಕಿಟ್ಟಿಗೆ ಸೇರೋ ಜಾಗ. ಗುಂಡಿನ ಆಕಾರದ ಹಿತ್ತಾಳೆ ತುದಿ ಎರಡು, ಅವೆರಡನ್ನೂ ಹಿಡಿಯೋ ಒಂದು ಲೋಹದ ಕೊಳವೆ, ಅದರ ಮೇಲೆ ಕಪ್ಪು ರಬ್ಬರ್ ತೋಳು. ರಬ್ಬರು ಕಲ್ಲಾಗಿರುತ್ತೆ. ಒಳಗೆ ಬುಲೆಟ್ಟು, ಕೊಳವೆ ಎರಡೂ ಕಿಲುಬು ಹಿಡಿದು ಒಂದೇ ಆಗಿರುತ್ತೆ. ಇದಕ್ಕೂ ಬಿಸಿಗಾಳಿ, ಎಣ್ಣೆ, ಕಾಯೋದು. ಆಮೇಲೆ ನೋಸ್ ಪ್ಲೇಯರಲ್ಲಿ ಬುಲೆಟ್ಟಿನ ಕುತ್ತಿಗೆ ಹಿಡಿದು, ಸ್ವಲ್ಪ ತಿರುವಿ, ನೇರ ಎಳೀಬೇಕು. ಏನು ಮಾಡಿದ್ರೂ ಬರಲ್ಲ ಅಂದ್ರೆ ರಬ್ಬರ್ ತೋಳನ್ನ ಬ್ಲೇಡಲ್ಲಿ ಉದ್ದಕ್ಕೆ ಸೀಳಿ, ಕೊಳವೆಯ ಸಂದಿಗೆ ಸಣ್ಣ ಸ್ಕ್ರೂಡ್ರೈವರ್ ಹಾಕಿ ಅಗಲಿಸಿ. ತೋಳು ಹೋದ್ರೆ ಹೋಗಲಿ, ಜೆ.ಸಿ. ರಸ್ತೆಯಲ್ಲಿ ಹೊಸದು ಸಿಗುತ್ತೆ. ವೈರಿಗೆ ಬೆಸುಗೆ ಹಾಕಿದ ಹಳೇ ಬುಲೆಟ್ಟು ಉಳೀಬೇಕು.

ಕಟಿಂಗ್ ಪ್ಲೇಯರ್ ಮಾತ್ರ ಕೈಗೆ ತಗೋಬೇಡಿ. ಒಂದು ಸಲ ಕತ್ತರಿಸಿದ್ರೆ ವೈರು ಒಂದಿಂಚು ಗಿಡ್ಡ. ಆಮೇಲೆ ತಿರುಚಿ ಟೇಪ್ ಸುತ್ತಬೇಕು. ಆ ಟೇಪಿನೊಳಗೆ ಮಳೆಗಾಲಕ್ಕೊಂದು ಪದರ ಕಿಲುಬು ಬೆಳೆಯುತ್ತೆ.

ಐದನೇದು ಹೋಲ್ಡರಿನ ಒಳಗಿನ ತಗಡಿನ ಟರ್ಮಿನಲ್ಲು. ಪ್ರತಿಯೊಂದಕ್ಕೂ ಹಿಂದೆ ಒಂದು ಸಣ್ಣ ನಾಲಿಗೆ ಇರುತ್ತೆ, ಅದೇ ಅದನ್ನ ಒಳಗೆ ಕಚ್ಚಿ ಹಿಡಿದಿರೋದು. ಮುಂದಿನಿಂದ ತೆಳ್ಳನೆ ಸೂಜಿಯಂಥದ್ದು ತೂರಿಸಿ ನಾಲಿಗೆ ಒತ್ತಿದ್ರೆ ಟರ್ಮಿನಲ್ಲು ಹಿಂದಕ್ಕೆ ಜಾರಿ ಬರುತ್ತೆ. ಒತ್ತದೆ ಎಳೆದ್ರೆ ನಾಲಿಗೆ ಮುರಿಯುತ್ತೆ. ಯಾವ ಮನೆಯಲ್ಲಿ ಯಾವ ವೈರು ಇತ್ತು ಅಂತ ಬರೆದುಕೊಂಡು ಒಂದೊಂದೇ ತೆಗೀರಿ. ವಾಪಸ್ ಹಾಕುವಾಗ ನಾಲಿಗೆಯನ್ನ ಮತ್ತೆ ಸ್ವಲ್ಪ ಎತ್ತಿ ಹಾಕಿ.

ಈ ಐದೂ ಕೆಲಸ ಹುಡುಗ ಎರಡೂ ಲೈಟಿಗೆ ಮಾಡಿದ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದು, ಮುಗಿಯುವಾಗ ನಾಲ್ಕು ಗಂಟೆ. ಒಂದೂ ಮುರೀಲಿಲ್ಲ.

ಇನ್ನು ಕಿಲುಬು. ಕಬ್ಬಿಣಕ್ಕೆ ಬರೋದು ತುಕ್ಕು, ತಾಮ್ರ ಹಿತ್ತಾಳೆಗೆ ಬರೋದು ಕಿಲುಬು. ಹಸಿರು ಪುಡಿ. ಹುಣಸೆಹಣ್ಣಿನ ರಸದಲ್ಲಿ ಬುಲೆಟ್ಟುಗಳನ್ನ ಸ್ವಲ್ಪ ಹೊತ್ತು ನೆನೆಸಿ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿದ್ರೆ ನಮ್ಮವ್ವ ಹಬ್ಬಕ್ಕೆ ತೊಳೆದಿಟ್ಟ ಚೊಂಬಿನ ಥರ ಹೊಳೆಯುತ್ತೆ. ಆದರೆ ಹುಳಿ ಉಳೀಬಾರದು. ಅಡುಗೆ ಸೋಡಾ ಹಾಕಿದ ನೀರಲ್ಲಿ ಜಾಲಾಡಿಸಿ, ಮತ್ತೆ ಬರೀ ನೀರಲ್ಲಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಜೋಡಿಸುವಾಗ ತೆಳ್ಳಗೆ ವ್ಯಾಸಲೀನ್ ಸವರಿ.

ಬಿಚ್ಚೋಕೆ ಮೊದಲೇ ನಾವು ಈ ಕಾರಿಗೆ ಒಂದು ಪರೀಕ್ಷೆ ಮಾಡಿದ್ವಿ. ಯಜಮಾನರ ದೂರು ಏನಂದ್ರೆ, ಹೆಡ್‌ಲೈಟು ದೀಪಾವಳಿ ಹಣತೆ ಥರ ಉರಿಯುತ್ತೆ, ರಾತ್ರಿ ಓಡಿಸೋಕೆ ಆಗಲ್ಲ. ಮೂರು ಸಲ ಬಲ್ಬ್ ಬದಲಾಯಿಸಿದ್ದಾರೆ. ಕೊನೇ ಸಲ ಯಾರೋ ಹೇಳಿದ್ರು ಅಂತ ಜಾಸ್ತಿ ವ್ಯಾಟಿನ ಬಲ್ಬು. ಹೋಲ್ಡರೇ ಕರಗೋಕೆ ಶುರು ಆಯ್ತು ಅಂತ ಮತ್ತೆ ಹಳೇ 60 ವ್ಯಾಟಿಗೆ ಬಂದಿದ್ದಾರೆ. ಮೀಟರನ್ನ ಹುಡುಗನ ಕೈಗೆ ಕೊಟ್ಟೆ. ಲೈಟು ಉರೀತಿರುವಾಗ ಬ್ಯಾಟರೀಲಿ 12.4 ವೋಲ್ಟ್. ಹೋಲ್ಡರಿನ ಎರಡು ಕಡ್ಡಿ ಮಧ್ಯೆ 10.6. ಅಂದ್ರೆ 1.8 ವೋಲ್ಟ್ ದಾರೀಲೇ ಮಾಯ.

ಎಲ್ಲಿ ಮಾಯ ಅಂತ ಹುಡುಕಿದ್ವಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಹೋಲ್ಡರಿನ ಬ್ರೈಟ್ ಕಡ್ಡಿಗೆ ಇಟ್ರೆ 1.1. ಅರ್ಥ್ ಕಡೆ ಅದೇ ಥರ ನೋಡಿದ್ರೆ 0.7. ವೈರಿನ ಉದ್ದಕ್ಕೂ ನೋಡಿದ್ರೆ ವೈರು ಚೆನ್ನಾಗೇ ಇದೆ. ಕಳ್ಳ ಇರೋದು ಜಾಯಿಂಟುಗಳಲ್ಲಿ. 60 ವ್ಯಾಟಿನ ಬಲ್ಬು 12 ವೋಲ್ಟಲ್ಲಿ 5 ಆಂಪ್ ಎಳೆಯುತ್ತೆ. ಒಂದು ಜಾಯಿಂಟಲ್ಲಿ 1 ವೋಲ್ಟ್ ಹೋದ್ರೆ 5 ವ್ಯಾಟ್ ಶಾಖ ಅಲ್ಲೇ ಕೂರುತ್ತೆ, ಕಡಲೇಕಾಯಿ ಗಾತ್ರದ ಜಾಗದಲ್ಲಿ. ಹೋಲ್ಡರ್ ಕರಗೋದು ಅದಕ್ಕೇ. ಬಲ್ಬಿನ ಗುಣ ಏನಂದ್ರೆ ವೋಲ್ಟು ನೂರಕ್ಕೆ ಹತ್ತು ಭಾಗ ಇಳಿದ್ರೆ ಬೆಳಕು ಸುಮಾರು ಮೂವತ್ತು ಭಾಗ ಇಳಿಯುತ್ತೆ. ಈ ಕಾರಲ್ಲಿ ಹತ್ತಿರ ಹತ್ತಿರ ನಲವತ್ತು ಭಾಗ ಬೆಳಕು ದಾರೀಲೇ ಹೋಗ್ತಿತ್ತು.

ಬ್ಯಾಟರಿ ಸರಿ ಇದೆ. ವೈರು ಸರಿ ಇದೆ. ಬಲ್ಬು ಹೊಸದು. ಆದರೂ ಕತ್ತಲು. ಯಾಕಂದ್ರೆ ಒಂದು ಒಳ್ಳೇದು ಇನ್ನೊಂದು ಒಳ್ಳೇದಕ್ಕೆ ಸೇರೋ ಜಾಗದಲ್ಲಿ, ರಬ್ಬರ್ ತೋಳಿನ ಒಳಗೆ, ಹೊರಗಿನಿಂದ ಕಾಣದಂತೆ ಕಿಲುಬು ಕೂತಿದೆ. ಎಲ್ಲರೂ ಬೈಯೋದು ಬಲ್ಬನ್ನ.

ಈಗ ಹುಡುಗನ ವಿಷಯ ಹೇಳ್ತೀನಿ.

ಅವನು ಐಟಿಐ ಎಲೆಕ್ಟ್ರಿಷಿಯನ್ ಟ್ರೇಡ್ ಪಾಸು. ಎರಡು ವರ್ಷದ ಕೋರ್ಸು. ಅಪ್ಪ ಅವ್ವ ಕೂಲಿ ಮಾಡಿ ಓದಿಸಿದ್ದಾರೆ. ಪಾಸಾದ ಮೇಲೆ ನಗರದ ಒಂದು ದೊಡ್ಡ ಗ್ಯಾರೇಜಿಗೆ ಸೇರಿದ. ಅಲ್ಲೂ ಹಳೇ ಕಾರು ರೆಡಿ ಮಾಡ್ತಾರೆ. ಹದಿನಾಲ್ಕು ತಿಂಗಳು ಇದ್ದ. ಆ ಹದಿನಾಲ್ಕು ತಿಂಗಳು ಅವನು ಮಾಡಿದ್ದು ಕಾರಿನ ಅಡಿ ತೊಳೆಯೋದು, ಎಣ್ಣೆ ಬಳಿದ ನೆಲ ಒರೆಸೋದು, ಹಿಂದುಗಡೆ ಚರಂಡಿ ಕಟ್ಟಿದ್ರೆ ಬಿಡಿಸೋದು. ಸೇರಿದ ಮೂರನೇ ದಿನ ವೈರಿಂಗ್ ಟೇಬಲ್ ಹತ್ರ ನಿಂತಿದ್ದಾಗ ಮೇಸ್ತ್ರಿ ಕೇಳಿದ ಪ್ರಶ್ನೆ ಇದು: "ನಿಮ್ಮೂರಲ್ಲಿ ನಿಮ್ಮ ಮನೆ ಯಾವ ಕಡೆ ಬರುತ್ತಪ್ಪಾ?"

ಈ ಪ್ರಶ್ನೆಯ ಅರ್ಥ ಓದ್ತಿರೋ ನಿಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗ ಇದ್ದಿದ್ದನ್ನ ಇದ್ದಂಗೆ ಹೇಳಿದ. ಅವತ್ತಿಂದ ಅವನ ಜಾಗ ತೊಳೆಯೋ ಕಟ್ಟೆ.

ಆಯುಧಪೂಜೆ ದಿನ ಗ್ಯಾರೇಜಿನ ಎಲ್ಲಾ ಸ್ಪ್ಯಾನರು, ಜಾಕು, ಮೀಟರು ತೊಳೆದು ಒರೆಸಿಟ್ಟೋನು ಇವನೇ. ತೊಳೆದಾದ ಮೇಲೆ ಅವುಗಳನ್ನ ಚಾಪೆ ಮೇಲೆ ಜೋಡಿಸೋಕೆ ಬೇರೆಯೋರ ಕರೆದ್ರು. ಕಬ್ಬಿಣಕ್ಕೆ ಕುಂಕುಮ ಇಟ್ರು, ಹೂ ಇಟ್ರು, ಕುಂಬಳಕಾಯಿ ಒಡೆದ್ರು. ಇವನಿಗೆ ಚರುಪನ್ನ ಕಾಗದದಲ್ಲಿ ಕಟ್ಟಿ ಗೇಟಿನ ಹತ್ರ ಕೊಟ್ರು. "ಅಣ್ಣಾ, ನಾನು ತೊಳೆದ ಸ್ಪ್ಯಾನರ್ ದೇವರಾಯ್ತು, ನಾನು ಮಾತ್ರ ಗೇಟಲ್ಲೇ ಉಳಿದೆ" ಅಂತ ಹೇಳಿ ನಕ್ಕ. ನನಗೆ ನಗು ಬರಲಿಲ್ಲ.

ಬಿಟ್ಟು ಬಂದಾಗ ಊರಲ್ಲಿ ಅವನಿಗೆ ಏನಂದ್ರು ಗೊತ್ತಾ? "ನಮ್ಮ ಹುಡುಗರಿಗೆ ಕೆಲಸದಲ್ಲಿ ನಿಲ್ಲೋ ತಾಳ್ಮೆ ಇಲ್ಲ." ಸರ್ಕಾರದೋರು ಏನಂತಾರೆ? "ಕೌಶಲ್ಯ ಸಾಲದು, ಇನ್ನೊಂದು ತರಬೇತಿ ಕೊಡ್ತೀವಿ." ಅಂದ್ರೆ ಮತ್ತೆ ಬಲ್ಬ್ ಬದಲಾಯಿಸ್ತಾರೆ. ಸರ್ಟಿಫಿಕೇಟ್ ಮೇಲೆ ಸರ್ಟಿಫಿಕೇಟ್. ಜಾಸ್ತಿ ವ್ಯಾಟಿನ ಬಲ್ಬು. ಬಲ್ಬಿಗೂ ಬ್ಯಾಟರಿಗೂ ಮಧ್ಯೆ ಇರೋ ಜಾಯಿಂಟಲ್ಲಿ ಕೂತಿರೋ ಕಿಲುಬನ್ನ ಯಾರೂ ಅಳೆಯಲ್ಲ. ಅಳೆದ್ರೆ ಅದಕ್ಕೊಂದು ಹೆಸರು ಹೇಳಬೇಕಾಗುತ್ತೆ. ಆ ಹೆಸರು ಜಾತಿ.

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಮಾಡಿದ ವಾದ ನಮಗೆಲ್ಲ ಬಾಯಿಪಾಠ. ಜಾತಿ ಬರೀ ಕೆಲಸ ಹಂಚೋದಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಅಂತ ಬೇರೆ ಮಾಡಿಡುತ್ತೆ ಅನ್ನೋದು. ಭಾಷಣದಲ್ಲಿ ಹೇಳ್ತೀವಿ, ಚಪ್ಪಾಳೆ ಬೀಳುತ್ತೆ. ಒಂದು ಸಲ ಗ್ಯಾರೇಜಿನೊಳಗೆ ಹೋಗಿ ಅದೇ ಕಣ್ಣಲ್ಲಿ ನೋಡಿ. ತೊಳೆಯೋನು, ಗ್ರೀಸ್ ಹಾಕೋನು, ತಗಡು ತಟ್ಟೋನು, ಪೇಂಟರು, ಇಂಜಿನ್ ಮೇಸ್ತ್ರಿ, ವೈರಿಂಗ್ ಮೇಸ್ತ್ರಿ, ಸ್ಕ್ಯಾನರ್ ಹಿಡಿದೋನು, ಗಲ್ಲಾದಲ್ಲಿ ಕೂತೋನು. ಪ್ರತೀ ಮೆಟ್ಟಿಲಿಗೂ ಒಂದೊಂದು ಸಂಬಳ, ಒಂದೊಂದು ಚಹಾ ಲೋಟ. ತೊಳೆಯೋ ಕಟ್ಟೆಯಿಂದ ಮೀಟರಿನವರೆಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ದಾಟೋಕೆ ಎರಡು ವರ್ಷದ ಐಟಿಐ ಸಾಲಲಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ನೆನಪಿರಲ್ಲ. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಬಾಬಾಸಾಹೇಬರು ಕಾರ್ಮಿಕ ಖಾತೆಯ ಸದಸ್ಯರು. ವಿದ್ಯುತ್ ಯೋಜನೆಯ ಕೆಲಸವೂ, ಯುದ್ಧಕಾಲದ ತಾಂತ್ರಿಕ ತರಬೇತಿಯೂ ಅವರ ಇಲಾಖೆಯಡಿಯಲ್ಲೇ ಇತ್ತು. ಕರೆಂಟು, ಕಸುಬು ಎರಡೂ ಅವರ ಮೇಜಿನ ಮೇಲಿದ್ದ ವಿಷಯ. ಹಾಗಾಗಿ ವೈರಿಂಗಿನ ಮಾತು ಚಳವಳಿಯಿಂದ ದೂರ ಅನ್ನೋರ ಮಾತು ನಾನು ಒಪ್ಪಲ್ಲ.

ಕಾನೂನು ಏನು ಹೇಳುತ್ತೆ ಅಂತ ಕೇಳೋರಿಗೆ: 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ನಿಗದಿತ ಟ್ರೇಡುಗಳ ತರಬೇತಿ ಜಾಗಗಳಲ್ಲಿ ಪರಿಶಿಷ್ಟರಿಗೆ ಮೀಸಲಾತಿ ಇದೆ, ಸೆಕ್ಷನ್ 3ಎ. ಅಪ್ರೆಂಟಿಸ್ ತಗೊಳ್ಳಲೇಬೇಕು ಅನ್ನೋ ಕಡ್ಡಾಯ ಮಾತ್ರ 2019ರ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡೋ ಜಾಗಕ್ಕೆ. ನಮ್ಮ ಹುಡುಗರು ಹೋಗೋದು ಆರು ಜನ, ಎಂಟು ಜನ ಇರೋ ಗ್ಯಾರೇಜಿಗೆ. ಕಾನೂನಿನ ಬೆಳಕು ಡಿಮ್ ಆಗೋದು ಅಲ್ಲೇ. ಆದರೆ ಪೂರ್ತಿ ಕತ್ತಲಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ, ಎಲ್ಲರಿಗೂ ತೆರೆದಿರೋ ಕಸುಬು, ಉದ್ಯೋಗ ಮಾಡದ ಹಾಗೆ ಪರಿಶಿಷ್ಟರನ್ನ ತಡೆಯೋದನ್ನೂ ಅಪರಾಧದ ಪಟ್ಟಿಗೆ ಸೇರಿಸಿದೆ. ಅದಕ್ಕೆ ಗ್ಯಾರೇಜು ಎಷ್ಟು ದೊಡ್ಡದು ಅನ್ನೋ ಲೆಕ್ಕ ಇಲ್ಲ.

ಹುಡುಗ ದೂರು ಕೊಟ್ಟಿದ್ದಾನಾ? ಇಲ್ಲ. "ಈ ಊರಲ್ಲಿ ಇರೋದೇ ಹತ್ತು ಗ್ಯಾರೇಜು, ದೂರು ಕೊಟ್ರೆ ಹತ್ತೂ ಬಾಗಿಲು ಮುಚ್ಚುತ್ತೆ ಅಣ್ಣಾ" ಅಂತಾನೆ. ಅವನ ಭಯ ಸುಳ್ಳಲ್ಲ. ಅದಕ್ಕೇ ಹೆಸರು ಹಾಕಲಿಲ್ಲ. ದೂರು ಕೊಡೋದು ಬಿಡೋದು ಅವನ ಹಕ್ಕು, ನಮ್ಮ ಪೋಸ್ಟಿಗೆ ಲೈಕ್ ಬರಲಿ ಅಂತ ಅವನನ್ನ ಮುಂದೆ ನಿಲ್ಲಿಸೋಕೆ ಆಗಲ್ಲ. ಬೆಂಗಳೂರಿಗೆ ಹೋಗಿ ಊಟ ಡೆಲಿವರಿ ಮಾಡ್ತೀನಿ ಅಂತಲೂ ಒಂದು ಕಾಲು ಹೊರಗೆ ಇಟ್ಟಿದ್ದಾನೆ. ಹೋಗಬೇಡ ಅನ್ನೋ ಧೈರ್ಯ ನನಗಿಲ್ಲ. ನಾನು ಕೊಡೋ ಸಂಬಳ ಅಲ್ಲಿಗಿಂತ ಕಮ್ಮಿ.

ಅವನು ಶೆಡ್ಡಿಗೆ ಬಂದ ಮೊದಲ ವಾರ ಏನಾಯ್ತು ಅಂದ್ರೆ, ನಾನು ಮೀಟರ್ ಮುಂದೆ ಹಿಡಿದ್ರೆ ಕೈ ಹಿಂದಕ್ಕೆ ಎಳ್ಕೊಳ್ತಿದ್ದ. ಬಕೆಟ್ ಎಲ್ಲಿದೆ ಅಂತ ಕೇಳ್ತಿದ್ದ. ಓಮನ ನಿಯಮ ಕೇಳಿದ್ರೆ ಪಟಪಟ ಹೇಳ್ತಾನೆ, ಲೆಕ್ಕ ನನಗಿಂತ ಬೇಗ ಮಾಡ್ತಾನೆ. ಹದಿನಾಲ್ಕು ತಿಂಗಳ ಕಿಲುಬು ಅವನ ಕೈಗೂ ಹತ್ತಿತ್ತು. ಅದಕ್ಕೂ ಅದೇ ವೈದ್ಯ: ಎಳೆದಾಡಬಾರದು, ಕಾಯಬೇಕು, ಒಂದೊಂದೇ ಬಿಡಿಸಬೇಕು. ಕಪ್ಲರ್ ಎಲ್ಲಾ ಬಿಚ್ಚಿ, ತೊಳೆದು, ಒಣಗಿಸಿ, ಪರೀಕ್ಷೆಗೆ ಅಂತ ಮತ್ತೆ ತಾತ್ಕಾಲಿಕವಾಗಿ ಜೋಡಿಸಿದಾಗ ಅವನೇ ಮೀಟರ್ ಇಟ್ಟ. ಬ್ಯಾಟರೀಲಿ 12.4, ಹೋಲ್ಡರಲ್ಲಿ 12.0. ಅದೇ ಬ್ಯಾಟರಿ, ಅದೇ ವೈರು, ಅದೇ ಬಲ್ಬು. ಶೆಡ್ಡಿನ ಗೋಡೆ ಮೇಲೆ ಎರಡು ದುಂಡನೆ ಬೆಳಕು ಬಿತ್ತು. ಹುಡುಗ ತುಂಬಾ ಹೊತ್ತು ನೋಡಿದ. "ಅಣ್ಣಾ, ಬಲ್ಬಿನ ತಪ್ಪೇನೂ ಇರಲಿಲ್ಲ" ಅಂದ. ಅವನು ಬಲ್ಬಿನ ವಿಷಯವನ್ನೇ ಹೇಳಿದ್ದು. ನಾನು ಬೇರೆ ಏನೂ ಸೇರಿಸಲಿಲ್ಲ.

ಯಜಮಾನರು ಮಾರನೇ ದಿನ ಬಂದ್ರು. ಒಳ್ಳೇ ಮನುಷ್ಯ. ಬೆಳಕು ನೋಡಿ ಖುಷಿಯಾಗಿ ನನ್ನ ಕೈ ಕುಲುಕಿದ್ರು. "ಕೆಲಸ ಇವನದು ಸಾರ್" ಅಂತ ಹುಡುಗನ್ನ ತೋರಿಸಿದೆ. ಅರೆಗಳಿಗೆ ತಡೆದು ಅವನ ಕೈಯನ್ನೂ ಕುಲುಕಿದ್ರು. ಕಾರು ಮುಗಿದ ಮೇಲೆ ಹಳೇ ಕಾರುಗಳ ಮೆರವಣಿಗೆಗೆ ಒಯ್ತಾರಂತೆ. ಅಲ್ಲಿ ಕಾರಿನ ಮುಂದೆ ಒಂದು ಬೋರ್ಡ್ ಇಡ್ತಾರೆ: ಯಾವ ವರ್ಷದ್ದು, ಯಾರದ್ದು, ಇಂಜಿನ್ ಎಷ್ಟು ಸಿಸಿ. ಕೆಲಸ ಮಾಡಿದೋರ ಹೆಸರು ನಾನು ಯಾವ ಬೋರ್ಡಲ್ಲೂ ನೋಡಿಲ್ಲ. ಈ ಸಲ ವೈರಿಂಗ್ ಮಾಡಿದೋನ ಹೆಸರು ಬರೆಸಿ ಅಂತ ಬಿಲ್ಲಿನ ಜೊತೆ ಕೇಳಿದ್ದೀನಿ. ನೋಡೋಣ ಅಂದಿದ್ದಾರೆ. ಹುಡುಗ ಬರೆಸಬಹುದು ಅಂದ್ರೆ ಮಾತ್ರ.

ಈಗ ನಿಮ್ಮ ಹತ್ರ ಎರಡು ಮಾತು.

ಒಂದು, ನಿಮ್ಮ ಕೇರಿಯಲ್ಲಿ ಐಟಿಐ ಪಾಸಾಗಿ, ಎಲೆಕ್ಟ್ರಿಷಿಯನ್ನೋ ಮೋಟರ್ ಮೆಕ್ಯಾನಿಕ್ಕೋ ಆಗಿ, ಇವತ್ತು ನೆಲ ಒರೆಸ್ತಾ ಇರೋ ಹುಡುಗ ಹುಡುಗಿಯರು ಇದ್ರೆ ಕಳಿಸಿ. ತಿಂಗಳ ಎರಡನೇ ಭಾನುವಾರ ಶೆಡ್ಡು ಅವರಿಗಾಗಿ ತೆರೆದಿರುತ್ತೆ. ಮೀಟರ್ ಮೂರು ಇದೆ, ಹಳೇ ವೈರಿಂಗ್ ಕಿಟ್ಟು ಬೇಕಾದಷ್ಟು ಇದೆ, ಮುರಿದ್ರೂ ಬೈಯಲ್ಲ. ಮಧ್ಯಾಹ್ನದ ಊಟ ಎಲ್ಲರಿಗೂ ಒಂದೇ ಪಾತ್ರೆಯಿಂದ. ಹಳೇ ಕಪ್ಲರ್, ಹೋಲ್ಡರ್, ಸುಟ್ಟ ಸ್ವಿಚ್ಚು ಬಿಸಾಕೋ ಬದಲು ಕೊಟ್ರೆ ಕಲಿಯೋಕೆ ಆಗುತ್ತೆ.

ಎರಡು, ಇದನ್ನ ಓದ್ತಿರೋ ಗ್ಯಾರೇಜಿನ ಯಜಮಾನರಿಗೆ. ನಮ್ಮಲ್ಲಿ ಜಾತಿಗೀತಿ ಇಲ್ಲ ಅಂತ ಕಾಮೆಂಟ್ ಹಾಕೋ ಮೊದಲು ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ನಿಮ್ಮ ಗ್ಯಾರೇಜಲ್ಲೇ ನಿಂತು ನೋಡಿ: ತೊಳೆಯೋ ಕಟ್ಟೆಯಲ್ಲಿ ಯಾರಿದ್ದಾರೆ, ಮೀಟರ್ ಯಾರ ಕೈಲಿದೆ, ತೊಳೆಯೋನು ಮೀಟರ್ ಮುಟ್ಟಿ ಎಷ್ಟು ತಿಂಗಳಾಯ್ತು. ಉತ್ತರವನ್ನ ನನಗೆ ಹೇಳಬೇಡಿ. ಮೀಟರನ್ನ ಅವನ ಕೈಗೆ ಕೊಡಿ.

ಜೈ ಭೀಮ್.